ಮನೆಗೆ ಇಬ್ಬರು ರಾಮಾತಾಳ್

ನನ್ನ ತಂಗಿಯ ಗಂಡ ವೆಲ್ಲಿಂಗಿರಿಯಷ್ಟು ಒಳ್ಳೆಯ ಮನುಷ್ಯನನ್ನು ನಾನು ಕಂಡಿಲ್ಲ. ಅವನಷ್ಟು ನನ್ನ ತಲೆ ತಿಂದವನನ್ನೂ ಕಂಡಿಲ್ಲ. ಗಣಪತಿ ಎಂಬ ಊರಿನ ಪಂಪ್ ಕಾರ್ಖಾನೆಯೊಂದರಲ್ಲಿ ಕರಗಿದ ಕಬ್ಬಿಣ ಎರಕ ಹುಯ್ಯುವ ಕೆಲಸ ಅವನದು. ಕಾಲಿಗೆ ಹವಾಯಿ ಚಪ್ಪಲಿ, ಪಾದದ ತುಂಬ ಸುಟ್ಟ ಕಲೆ. ಕೇಳಿದರೆ "ಸೊಳ್ಳೆ ಕಚ್ಚಿದ್ದು ಬಾವ" ಎಂದು ನಗುತ್ತಾನೆ. ಅವನಿಗೇನಾದರೂ ಆದರೆ ನನ್ನ ತಂಗಿಯ, ಅವಳ ಎಳೆ ಮಗುವಿನ ಗತಿಯೇನು?

ನಾನೋ ವಿಮೆ ಏಜೆಂಟ್. ಅನ್ನೂರಿನ ಸುತ್ತಮುತ್ತ ಕಂಡಕಂಡವರಿಗೆಲ್ಲ ಪಾಲಿಸಿ ಮಾಡಿಸಿದವನು. ಇವನೊಬ್ಬನನ್ನು ಒಪ್ಪಿಸಲು ವರ್ಷಗಟ್ಟಲೆ ಟೌನ್ ಬಸ್ಸಿನಲ್ಲಿ ಅಲೆದೆ. ಸಾಯುವ ಮಾತು ಆ ಮನೆಯಲ್ಲಿ ಆಡುವಂತಿಲ್ಲ. "ನೀನು ಇಲ್ದೆ ಇರೋ ಕಾಲಕ್ಕೆ" ಎಂದರೆ, "ನಾನೆಲ್ಲಿಗೆ ಹೋಗ್ತೀನಿ ಬಾವ?" ಎನ್ನುತ್ತಿದ್ದ.

ಅಂತೂ ಎಂಬತ್ತಮೂರನೇ ಇಸವಿಯಲ್ಲಿ ಒಪ್ಪಿದ. ಅವಧಿ ಮುಗಿದಾಗ ಬದುಕಿದ್ದರೆ ಹಣ ತನ್ನ ಕೈಗೇ ಬರುವಂಥ ಪಾಲಿಸಿಯೇ ಬೇಕೆಂದು ಹಟ ಹಿಡಿದ. ಹಾಳಾಗಲಿ ಎಂದು ಅದನ್ನೇ ಗೊತ್ತುಮಾಡಿ, ಅರ್ಜಿ ತುಂಬಲು ಕೂತೆ. ಅವನಿಲ್ಲದಿದ್ದರೆ ಹಣ ಯಾರಿಗೆ ಎಂಬ ಜಾಗಕ್ಕೆ ಬಂದೆವು.

"ರಾಮಾತಾಳ್" ಎಂದ.

ತಂಗಿಯ ಹೆಸರು ಅದೇ. ಆದರೆ ಅವನ ತಾಯಿಯ ಹೆಸರೂ ಅದೇ! ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಕೂಗಬಾರದೆಂದು, ಮದುವೆಯಾದಂದಿನಿಂದ ಆ ಮನೆಯಲ್ಲಿ ಅವಳು ಬರೀ ಅಮ್ಮಣಿ. ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದ ತಾಯಿ ತಲೆ ಎತ್ತಿದರು.

"ತಾಯಿನೋ, ಹೆಂಡ್ತಿನೋ? ಸರಿಯಾಗಿ ಹೇಳು ಮಾಪ್ಳೆ" ಎಂದು ತಂಗಿಯ ಗಂಡನನ್ನು ಕೇಳಿದೆ.

ತಾಯಿಯ ಎದುರಿಗೆ ಹೆಂಡತಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ. "ಹೆಸ್ರು ಬರಿ ಸಾಕು ಬಾವ. ವಯ್ಸು, ಸಂಬಂಧ ಎಲ್ಲಾ ಬುಡು. ಯಾರ್ಗೆ ಬಂದ್ರೂ ಮನೆ ದುಡ್ಡು ತಾನೆ?"

ನನಗೆ ಪೆನ್ನು ಎಸೆದು ಎದ್ದುಹೋಗುವಷ್ಟು ಸಿಟ್ಟು ಬಂತು. "ಇಬ್ರು ಹೆಂಗಸ್ರನ್ನ ಕೋರ್ಟಲ್ಲಿ ನಿಲ್ಸೋಕೆ ಪಾಲಿಸಿ ಬೇಕಾ ನಿಂಗೆ?"

ಅವನು ತಾಯಿಯನ್ನು ನೋಡಿದ, ನನ್ನನ್ನು ನೋಡಿದ. "ಇನ್ನೊಂದಿನ ನೋಡೋಣ" ಎಂದು, ಮಹಾರಾಯ, ಎದ್ದೇಬಿಟ್ಟ.

"ಕೂತ್ಕಳೋ" ಎಂದರು ತಾಯಿ. "ನಿಮ್ಮಪ್ಪ ಹೋದಾಗ ಮಿಲ್ಲಿಂದ ಬಂದ ದುಡ್ಡ ಅವ್ರಮ್ಮನ ಕೈಗೆ ಕೊಟ್ರು. ನಿನ್ನ ಸೊಂಟದ ಮೇಲೆ ಎತ್ಕೊಂಡು, ಉಪ್ಪಿಗೂ ನಾನು ಅವ್ರ ಮುಂದೆ ಕೈ ನೀಡಿ ನಿಂತೆ. ಹೆಂಡ್ತಿ ಅಂತ ಬರೀರಿ."

ನಾನು ಬರೆದೆ. "ವಯಸ್ಸೆಷ್ಟು ಹಾಕ್ಲಿ?" ಎಂದೆ. ಗಂಡನೆನ್ನಿಸಿಕೊಂಡವನಿಗೆ ಅದೂ ಗೊತ್ತಿರಲಿಲ್ಲ.

"ಅವ್ಳನ್ನೇ ಕೇಳಿ" ಎಂದು ತಾಯಿ ಅಡಿಗೆಮನೆಯತ್ತ ತಿರುಗಿದರು. ಗಟ್ಟಿಯಾಗಿ ಕೂಗಿದರು: "ರಾಮಾತಾಳ್! ಇಲ್ಲಿ ಬಾ!"

ಒಳಗೆ ಪಾತ್ರೆ ತೊಳೆಯುವ ಸದ್ದು ನಿಲ್ಲಲಿಲ್ಲ. ಮತ್ತೊಮ್ಮೆ ಕೂಗಿದರು. ಕರೆಯುತ್ತಿರುವುದು ತನ್ನನ್ನೇ ಎಂದು ನನ್ನ ತಂಗಿಗೆ ತಿಳಿಯಲೇ ಇಲ್ಲ.