ಆರು ದೀಪಕ್ಕೆ ಒಂದೇ ರೆಸಿಸ್ಟರ್

ಎಲ್‌ಇಡಿ ದೀಪಕ್ಕೆ ಸಾಕು ಎನ್ನುವುದು ಗೊತ್ತಿಲ್ಲ. ಕೊಟ್ಟಷ್ಟೂ ಕರೆಂಟ್ ಕುಡಿಯುತ್ತದೆ, ಮಿತಿ ಮೀರಿದರೆ ಸುಟ್ಟುಹೋಗುತ್ತದೆ. ಅದನ್ನು ತಡೆಯಲೆಂದೇ ರೆಸಿಸ್ಟರ್ ಇರುವುದು, ಅಕ್ಕಿಕಾಳಿನಷ್ಟು ಚಿಕ್ಕ ತುಂಡು. ಅಷ್ಟರಲ್ಲೂ ಜುಗ್ಗತನ ಮಾಡಿದ ಮನುಷ್ಯನನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಬಿಳಿ ಎಲ್‌ಇಡಿಯ ಎಮರ್ಜೆನ್ಸಿ ಲ್ಯಾಂಪು ಪೇಟೆಗೆ ಬಂದ ಹೊಸತು. ಶಿವಾಜಿನಗರದ ಒಂದು ಅಂಗಡಿಯ ಮಹಡಿಯಲ್ಲಿ ನಾವು ಆರು ಹೆಂಗಸರು ಅವನ್ನು ಜೋಡಿಸುತ್ತಿದ್ದೆವು. ಐವರು ಬೆಸುಗೆ ಹಾಕುವವರು, ನಾನು ಉರಿಸಿ ನೋಡಿ ಪಾಸು ಮಾಡುವವಳು. ಯಾರ ಕೆಲಸವೆಂದು ತಿಳಿಯಲು ಒಬ್ಬೊಬ್ಬರೂ ಬೋರ್ಡಿನ ಮೂಲೆಗೆ ನೇಲ್ ಪಾಲಿಶ್ ಚುಕ್ಕೆ ಇಡುತ್ತಿದ್ದರು. ಕೆಂಪು ಚುಕ್ಕೆ ರಾಯಚೂರಿನಿಂದ ಬಂದವಳದು. ಗಂಡ ಕಟ್ಟಡದಿಂದ ಬಿದ್ದು ಕಾಲು ಮುರಿದುಕೊಂಡು ಕಗ್ಗದಾಸಪುರದ ಬಾಡಿಗೆ ಕೋಣೆಯಲ್ಲಿ ಮಲಗಿದ್ದ; ಮನೆ ನಡೆಯುತ್ತಿದ್ದುದು ಅವಳ ಕೈಯಿಂದ. ಇಬ್ಬರ ಕೆಲಸವನ್ನು ಅವಳೊಬ್ಬಳೇ ಮಾಡುತ್ತಿದ್ದಳು. ಪಾಸಾದ ಬೋರ್ಡಿಗೆ ನಾನು ಹಸಿರು ಚುಕ್ಕೆ ಇಡುತ್ತಿದ್ದೆ.

ಲ್ಯಾಂಪಿಗೆ ಆರು ಎಲ್‌ಇಡಿ, ಒಂದೊಂದಕ್ಕೂ ಅದರದೇ ರೆಸಿಸ್ಟರ್ ಬೇಕು. ಮಾಲೀಕ ಒಂದು ದಿನ, ಆರಕ್ಕೂ ಸೇರಿಸಿ ಒಂದೇ ಹಾಕಿ ಎಂದ. ಡಿಪ್ಲೊಮಾ ಓದಿದವಳು ನಾನು, ಸುಮ್ಮನಿರಲಾಗಲಿಲ್ಲ.

"ಸರ್, ಒಂದು ಸುಟ್ಟೋದ್ರೆ ಅದರ ಪಾಲಿನ ಕರೆಂಟೂ ಉಳಿದ ಐದಕ್ಕೆ ಹೋಗುತ್ತೆ. ಆಮೇಲೆ ಒಂದೊಂದಾಗಿ ಎಲ್ಲಾ ಹೋಗ್ತವೆ."

"ಅಂಗಡೀಲಿ ಹತ್ತುತ್ತೆ ತಾನೇ? ಸಾಕು. ಪಾಠ ಮಾಡ್ಬೇಡಮ್ಮಾ, ಪಾಸ್ ಮಾಡು."

ಮಾಡಿದೆ.

ಎರಡು ತಿಂಗಳಿಗೆ ಪುಲಿಕೇಶಿನಗರದ ಅಂಗಡಿಯವನೊಬ್ಬ ಗೋಣಿಚೀಲದ ತುಂಬ ಕೆಟ್ಟ ಲ್ಯಾಂಪುಗಳನ್ನು ತಂದು ನಮ್ಮ ಮೇಜಿನ ಮೇಲೆ ಸುರಿದ. ಮಾಲೀಕ ಬಿಚ್ಚಿ ನೋಡಿದ. ಎಲ್ಲರದಕ್ಕಿಂತ ಹೆಚ್ಚು ಕೆಂಪು ಚುಕ್ಕೆ. ಹೆಚ್ಚು ಮಾಡಿದವಳದು ಹೆಚ್ಚಿರದೆ ಇನ್ನೇನು!

"ಇವಳಿಗೆ ಸೋಲ್ಡರ್ ಹಾಕೋಕೇ ಬರಲ್ಲ," ಎಂದವನೇ ಅವಳನ್ನು ಎಬ್ಬಿಸಿದ. "ನಾಳೆಯಿಂದ ಬರ್ಬೇಡ."

ಅವಳು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಯಕ್ಕಾ, ನೀವರೆ ಹೇಳ್ರಿ. ನನ್ನ ಕೆಲಸ ಚಲೋ ಅದ ಅಂತ ನೀವ ಚುಕ್ಕಿ ಇಟ್ಟೀರಿ."

"ಆಮೇಲೆ ಮಾತಾಡ್ತೀನಿ, ಈಗ ಹೋಗು," ಎಂದೆ. ನನ್ನ ಕೆಲಸವೂ ಹೋದೀತೆಂಬ ಹೆದರಿಕೆ. ಥೂ!

ಮಾರನೆಯ ದಿನ ಅವಳ ಪಾಲಿನ ಬೋರ್ಡುಗಳನ್ನು ಉಳಿದ ನಾಲ್ವರಿಗೆ ಹಂಚಿದ. ಎರಡು ವಾರದಲ್ಲಿ ಇನ್ನೊಬ್ಬಳು ಕಣ್ಣುರಿ ತಾಳಲಾರದೆ ಬಿಟ್ಟಳು. ಅವಳದೂ ಮೂವರ ತಲೆಗೆ ಬಿತ್ತು. ಆಗ ನನ್ನ ಬಾಯಿ ಬಿಚ್ಚಿತು.

"ದೀಪಕ್ಕೆ ಮಾಡಿದ್ದನ್ನೇ ಇವ್ರಿಗೂ ಮಾಡ್ತಿದೀರಲ್ರೀ!"

ಬೀದಿಗೆ ಕೇಳುವಂತೆ ಕೂಗಿ, ಆ ಗೋಣಿಚೀಲದಿಂದ ಕೆಂಪು ಚುಕ್ಕೆಯ ಒಂದು ಲ್ಯಾಂಪು ಎತ್ತಿಕೊಂಡು ಇಳಿದುಬಂದೆ. ನೆಟ್ಟಗೆ ಕಗ್ಗದಾಸಪುರಕ್ಕೆ ಹೋದೆ. ಕೋಣೆಗೆ ಬೀಗ. ಗಂಡನನ್ನು ಕರೆದುಕೊಂಡು ಹೊರಟುಹೋದಳು, ಎಲ್ಲಿಗೋ ಗೊತ್ತಿಲ್ಲ ಎಂದರು ಪಕ್ಕದವರು.

ಆ ಲ್ಯಾಂಪಿನಲ್ಲಿ ಸುಟ್ಟಿದ್ದ ಎರಡು ಎಲ್‌ಇಡಿ ಬದಲಿಸಿ, ಬೋರ್ಡಿನ ಮೇಲೆ ಆರನ್ನೂ ಸೇರಿಸಿದ್ದ ತಾಮ್ರದ ಗೆರೆ ಕತ್ತರಿಸಿ, ಆರಕ್ಕೂ ಆರು ರೆಸಿಸ್ಟರ್ ಕೂರಿಸಿದೆ. ಬ್ಯಾಟರಿ ಎಷ್ಟೋ ಸಲ ಬದಲಾಗಿದೆ, ಹಲಸೂರಿನ ನಮ್ಮ ಮನೆಯಲ್ಲಿ ಇಂದಿಗೂ ಉರಿಯುತ್ತದೆ. ಅವಳ ಬೆಸುಗೆ ಒಂದೂ ಬಿಟ್ಟಿಲ್ಲ. ಮುಚ್ಚಳ ತೆಗೆದರೆ ಕೆಂಪು ಚುಕ್ಕೆಯ ಪಕ್ಕದಲ್ಲೇ ನನ್ನ ಹಸಿರು ಚುಕ್ಕೆ. ಅದನ್ನು ಕೆರೆದು ಹಾಕಬೇಕೆಂದು ಎಷ್ಟೋ ಸಲ ಬ್ಲೇಡು ಹಿಡಿದಿದ್ದೇನೆ. ಬೇಡ, ಅಲ್ಲೇ ಇರಲಿ.