ಹುಳದ ಮನೆಯ ಗಿಟಾರು

ಮೊನ್ನೆ ತಾಯಲೂರಿನ ಹತ್ತಿರ ಅಕ್ಕನ ಮನೆಗೆ ಹೋಗಿದ್ದಾಗ, ರೇಷ್ಮೆಹುಳ ಸಾಕುವ ಮನೆಯ ಬಾಗಿಲಲ್ಲಿ, ಕಾಲೊರೆಸುವ ಗೋಣಿಗೆ ಹಾಕಿದ್ದ ಫಾರ್ಮಾಲಿನ್ ಔಷಧಿಯ ಘಾಟು ಮೂಗಿಗೆ ಬಡಿಯಿತು. ಒಳಗೆ ಹೋಗಲು ಕಾಲೇ ಬರಲಿಲ್ಲ. ಈ ವಯಸ್ಸಿನಲ್ಲಿ ಇದೆಂಥ ಭಯವೋ ನನಗೆ!

ಸುಗಟೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲೊಬ್ಬ ಅಣ್ಣ ಇದ್ದ. ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ನಾಲ್ವರು ಸೇರಿ ಕಟ್ಟಿದ ರಾಕ್ ಬ್ಯಾಂಡಿಗೆ ಅವನೇ ಯಜಮಾನ. ಗಿಟಾರು ಅವನದು, ಡ್ರಮ್ಮು ನನ್ನದು. ಸಿನಿಮಾ ಹಾಡು ಮುಟ್ಟುವುದಿಲ್ಲ ಎಂಬುದು ಅವನ ಹಠ. ಕನ್ನಡ, ತೆಲುಗು ಬೆರೆಸಿ ತಾನು ಕಟ್ಟಿದ ಹಾಡುಗಳೇ ಆಗಬೇಕು. ಮಾಲೂರಿನ ಮದುವೆಯೊಂದರಲ್ಲಿ ಸಿನಿಮಾ ಹಾಡು ಕೇಳಿ ಚೀಟಿ ಕಳಿಸಿದವರಿಗೆ ಕೈಮುಗಿದು ತನ್ನದನ್ನೇ ಹಾಡಿದ. ಊಟ ಹಾಕಿ ಕಳಿಸಿದರಲ್ಲ, ಅದೇ ದೊಡ್ಡದು. ಶ್ರೀನಿವಾಸಪುರದಲ್ಲಿ ಮೈಕನ್ನೇ ಕಿತ್ತುಕೊಂಡರು.

ಕೊನೆಗೆ ಕೋಲಾರದ ಹುಡುಗರು ಕೆಲವರು ನಮ್ಮ ಹಾಡುಗಳನ್ನೇ ಕೇಳಬೇಕೆಂದು ಕರೆದರು. ಹಾಗೆ ಕರೆದವರು ಅವರು ಮಾತ್ರ.

ಅಣ್ಣನ ಮನೆಯ ಹುಳದ ಮನೆಯಲ್ಲಿ ನಮ್ಮ ಅಭ್ಯಾಸ. ಅದೂ ಒಂದು ಬೆಳೆ ಮುಗಿದು, ಔಷಧಿ ಹೊಡೆದು, ಹುಳ ಸಾಕುವ ತಟ್ಟೆಗಳು ಖಾಲಿ ಇದ್ದಾಗ ಮಾತ್ರ. ಹುಳ ಬಂದರೆ ನಾವು ಹುಣಸೆ ಮರದ ಕೆಳಗೆ. ಆ ಸಲ ಬಿಡದೆ ಜಡಿಮಳೆ. ಹುಳ ಇದ್ದರೂ ಅಣ್ಣ ಡ್ರಮ್ಮನ್ನು ಒಳಗೇ ಇಡಿಸಿದ. ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು ತಲೆಯೆತ್ತಿ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಮನೆಯವರು ಮಾತಾಡುವುದೂ ಪಿಸುಪಿಸು.

"ಜ್ವರಕ್ಕೆ ಕೂತಿರೋ ಹುಳ ಬಾಣಂತಿ ಇದ್ದಂಗೆ ಕಣೋ ನಾಯ್ನಾ. ಸದ್ದು ತಡ್ಕೊಳಲ್ಲ," ಅಂದರು ಅವನಮ್ಮ.

"ಕೋಲಾರದ್ದೊಂದು ಮುಗೀಲಮ್ಮ. ಮೆಲ್ಲಗೆ ಬಾರಿಸ್ತೀವಿ," ಅಂದ ಅಣ್ಣ.

ಮೆಲ್ಲಗೆ ಬಾರಿಸುವ ರಾಕ್ ಎಲ್ಲಾದರೂ ಉಂಟೇ? ಡ್ರಮ್ಮಿಗೆ ಟವೆಲ್ ಹೊದಿಸಿ ಬಾರಿಸುತ್ತಿದ್ದೆ, ಕಣ್ಣೆಲ್ಲ ತಟ್ಟೆಗಳ ಮೇಲೆ. ಒಂದು ಹುಳ ಅಲುಗಾಡಿದರೂ ನನಗೆ ಜೀವ ಹೋಗಿ ಬರುತ್ತಿತ್ತು. ಅವನಮ್ಮ ಬಾಗಿಲಲ್ಲಿ ನಿಂತು ಸೆರಗಿನ ತುದಿ ಹಿಂಡುತ್ತಿದ್ದರು.

ಗೂಡು ಕಟ್ಟುವ ಮುಂಚೆಯೇ ಸುಣ್ಣಕಟ್ಟು ರೋಗ ಬಿತ್ತು. ಹುಳಗಳೆಲ್ಲ ಸತ್ತು ಸೀಮೆಸುಣ್ಣದಂತೆ ಬೆಳ್ಳಗೆ ಬಿಗಿದುಕೊಂಡವು. ಅದು ಥಂಡಿಗೆ ಬರುವ ರೋಗ, ಕ್ಯಾಲನೂರಿನಲ್ಲೂ ಬೆಳೆ ಹೋಗಿದೆ, ಅಲ್ಲಿ ಯಾರು ಗಿಟಾರು ಬಾರಿಸಿದ್ದರು ಎಂದು ನಾವು ಬಡಕೊಂಡೆವು. ಅಣ್ಣ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನಮ್ಮ ಸತ್ತ ಹುಳಗಳನ್ನು ಬುಟ್ಟಿಗೆ ತುಂಬಿ ಗುಂಡಿಗೆ ಸುರಿದರು. ಬೈದಿದ್ದರೆ ಚೆನ್ನಾಗಿತ್ತು...

ಅಣ್ಣ ಕೋಲಾರಕ್ಕೆ ಬಂದ. ವೇದಿಕೆಯನ್ನೂ ಹತ್ತಿದ. ಒಮ್ಮೆ ತಂತಿ ಮೀಟಿ ನಿಲ್ಲಿಸಿಬಿಟ್ಟ. ನನ್ನ ಹತ್ತಿರ ಬಂದು, "ಆಗಲ್ಲ ಕಣೋ, ಹುಳ ಕಣ್ಮುಂದೆ ಬರ್ತಾವೆ," ಎಂದು ಗಿಟಾರನ್ನು ಡ್ರಮ್ಮಿಗೆ ಒರಗಿಸಿ ಇಳಿದುಹೋದ. ನಮ್ಮ ಬ್ಯಾಂಡು ಅಲ್ಲಿಗೆ ಮುಗಿಯಿತು. ಆಮೇಲೆ ಬದುಕಿದ್ದಷ್ಟು ಕಾಲ ಹುಳ ಸಾಕಿದ, ಮತ್ತೆ ಗಿಟಾರು ಮುಟ್ಟಲಿಲ್ಲ. ಕೆಮ್ಮು ಬಂದರೂ ಹುಳದ ಮನೆಯಿಂದ ಹೊರಗೆ ಬಂದು ಕೆಮ್ಮುತ್ತಿದ್ದ. ಹೋದ ವರ್ಷ ತೀರಿಕೊಂಡ.

ಮೊನ್ನೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬಂದ ಅಕ್ಕ, ಬಾಗಿಲಲ್ಲೇ ನಿಂತಿದ್ದ ನನ್ನನ್ನು ಒಳಗೆ ಕರೆದಳು. ಹುಳಗಳು ಜ್ವರಕ್ಕೆ ಕೂತಿದ್ದವು. ಅವಳು ಹೊರೆ ಇಳಿಸಿದವಳೇ ತಟ್ಟೆಯ ಪಕ್ಕದಲ್ಲಿದ್ದ ಸ್ಪೀಕರ್ ಹಾಕಿದಳು. ಹಾಡು ಕಿವಿ ಕಿತ್ತುಹೋಗುವಷ್ಟು ಜೋರು. ಆರಿಸು ಆರಿಸು ಎಂದೆ.

"ಹುಳಕ್ಕೇನು ಕಿವಿ ಐತೇನೋ? ನಮಗೆ ಬೇಜಾರಾಗ್ಬಾರ್ದು ಅಂತ ದಿನಾ ಹಾಕ್ತೀವಿ," ಅಂದಳು.

ಹುಳಗಳು ತಲೆಯೆತ್ತಿ ಕೂತೇ ಇದ್ದವು. ನೋಡು ಬಾ ಎಂದು ಕರೆಯೋಣವೆಂದರೆ ಅಣ್ಣನಿಲ್ಲ.