ಸಾವಕಾರನನ್ನು ಸಾಕಿದ ಕಾಶಿಬಾಯಿ

ಶಂಕ್ರೆಪ್ಪನ ಎಡಗೈ ಮುರಿದದ್ದು ನನ್ನ ಗಿರಣಿಯ ಬಾಗಿಲಿಗೆ ಅಡ್ಡ ಹಾಕುವ ಅಗಳಿಯಿಂದ. ಮುರಿದವಳು ಕಾಶಿಬಾಯಿ. ತಾಳಿಕೋಟೆಯಲ್ಲಿ ಈ ಕಥೆ ಯಾರನ್ನು ಕೇಳಿದರೂ ಹೇಳುತ್ತಾರೆ, ಆದರೆ ಒಬ್ಬೊಬ್ಬರು ಒಂದೊಂದು ಆಯುಧದ ಹೆಸರು ಹೇಳುತ್ತಾರೆ. ಕೊಡಲಿ ಎನ್ನುವವರೂ ಇದ್ದಾರೆ. ಕೊಡಲಿಯಾಗಿದ್ದರೆ ಕೈ ಮುರಿಯುತ್ತಿರಲಿಲ್ಲ, ನೆಲಕ್ಕೇ ಬೀಳುತ್ತಿತ್ತು. ಎದುರಿನ ಗಿರಣಿಯಲ್ಲಿ ಜೋಳ ಬೀಸುತ್ತ ನಿಂತು ಎಲ್ಲ ನೋಡಿದವಳು ನಾನು, ಸುಜಾತಾ. ನಾನು ಹೇಳಿದ್ದೇ ಖರೆ.

ಶಂಕ್ರೆಪ್ಪನ ಮನೆ ಕಾಶಿಬಾಯಿಯ ಮನೆಗೆ ಹತ್ತಿಕೊಂಡೇ ಇದೆ. ಅವನು ಜವಾರಿ ಕೋಳಿ ಸಾಕಿ ಮಾರುತ್ತಾನೆ. ಕಾಶಿಬಾಯಿಯ ಹಿತ್ತಲಿಗೆ ಬರುವ ಒಂದು ಬೆಕ್ಕು ಅವನ ಕೋಳಿಮರಿಗಳ ರುಚಿ ಕಂಡಿತ್ತು. ಒಂದು ದಿನ ಬಲೆ ಹಾಕಿ ಅದನ್ನು ಹಿಡಿದು ಚೀಲಕ್ಕೆ ತುಂಬಿದ.

ನಮ್ಮ ಕಡೆ ಯಾರೂ ಬೆಕ್ಕನ್ನು ಕೈಯಾರೆ ಕೊಲ್ಲುವುದಿಲ್ಲ. ಕೊಂದರೆ ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕು ಎನ್ನುತ್ತಾರೆ. ಅದಕ್ಕೇ ಬೇಡವಾದ ಬೆಕ್ಕನ್ನು ಚೀಲದಲ್ಲಿ ಕಟ್ಟಿ ಡೋಣಿ ಹೊಳೆಯ ಆಚೆ ಬಿಟ್ಟು ಬರುತ್ತಾರೆ. ಅಲ್ಲಿ ಅದನ್ನು ನಾಯಿ ಹರಿದು ತಿಂದರೆ ಪಾಪ ನಾಯಿಯದು. ಜಾಣ ಜನ ನಾವು. ಶಂಕ್ರೆಪ್ಪನಿಗೆ ಡೋಣಿಯ ತನಕ ಹೋಗುವುದೂ ಬೇಸರ. ಚೀಲದ ಬಾಯಿ ಹಿಡಿದು, ಅರಿವೆ ಒಗೆಯುವವರು ಕಲ್ಲಿಗೆ ಬಡಿಯುವಂತೆ, ತನ್ನ ಮನೆಯ ಗೋಡೆಗೆ ಬೀಸಿ ಬೀಸಿ ಬಡಿದ. ಬೆಕ್ಕಿನ ಕೂಗು ಗಿರಣಿಯ ಸದ್ದನ್ನೂ ಮೀರಿ ಕೇಳಿತು. ಆಮೇಲೆ ಕೇಳಲಿಲ್ಲ. ಚೀಲ ಕೆಳಗಿಟ್ಟಾಗ ನೆಲ ಕೆಂಪಾಯಿತು. ಕೊಂದದ್ದು ಗೋಡೆ, ತಾನಲ್ಲ ಎನ್ನುವುದು ಅವನ ವಾದ.

ಕಾಶಿಬಾಯಿ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಚೀಲ ನೋಡಿದಳು. ಓಣಿ ದಾಟಿ ನನ್ನ ಬಾಗಿಲ ಸಂದಿಯಲ್ಲಿದ್ದ ಅಗಳಿ ಎಳೆದುಕೊಂಡಳು. ತಲೆಗೆ ಬೀಳಬೇಕಾದ ಏಟಿಗೆ ಅವನು ಎಡಗೈ ಅಡ್ಡ ಹಿಡಿದ. ಹಸಿ ಜಾಲಿಯ ಟೊಂಗೆ ಮುರಿದಂತೆ ಸದ್ದಾಯಿತು. ಎರಡನೆಯ ಏಟಿಗೆ ಅವಳು ಕೈ ಎತ್ತಿದಾಗ ನಾವು ನಾಲ್ಕು ಜನ ಸೇರಿ ಹಿಡಿದೆವು. ಬಿಡಿಸಲು ಹೋದ ನನ್ನ ಮೊಣಕೈಗೂ ಒಂದು ಬಿತ್ತು. ಶಂಕ್ರೆಪ್ಪ ಪೊಲೀಸರ ಹತ್ತಿರ ಹೋಗಲಿಲ್ಲ. ಹೋದರೆ ಬೆಕ್ಕು ಕೊಂದದ್ದನ್ನು ಬಾಯಿ ಬಿಟ್ಟು ಹೇಳಬೇಕಿತ್ತಲ್ಲ. ಕೈ ಕೂಡಿತು, ಆದರೆ ಸೊಟ್ಟಗಾಗಿ ಕೂಡಿತು.

ಕಾಶಿಬಾಯಿ ನಿಡಗುಂದಿ ಕಡೆಯ ಕುರಿಹಟ್ಟಿಯಲ್ಲಿ ಬೆಳೆದವಳು. ಹರೆಯದಲ್ಲಿ, ಕುರಿಮರಿ ಕಚ್ಚಿಕೊಂಡು ಓಡುತ್ತಿದ್ದ ತೋಳದ ನೆತ್ತಿಗೆ ಬಡಿಗೆ ಎಸೆದು ಕೆಡವಿದ್ದಳಂತೆ. ಬಡಾಯಿ ಎಂದುಕೊಂಡಿದ್ದೆ. ಶಂಕ್ರೆಪ್ಪನ ಕೈ ನೋಡಿದ ಮೇಲೆ ನಂಬಿದೆ. ಗಂಡ ರೇವಣಪ್ಪ ವರ್ಷದ ಬಹುಭಾಗ ಕುರಿಗಳ ಬೆನ್ನು ಹತ್ತಿ ಊರೂರು ತಿರುಗುತ್ತಾನೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಕುಡಿದು ಬಂದು ಹೆಂಡತಿಯ ಮೇಲೆ ಕೈ ಎತ್ತಿದ್ದನಂತೆ. ಕುರಿಗಳ ಜೊತೆ ಇರುವುದೇ ಕ್ಷೇಮ ಎಂದು ಆವತ್ತೇ ಗೊತ್ತಾಯಿತಂತೆ. ಕಾಶಿಬಾಯಿಗೆ ಸಿಂದಗಿಗೂ ಇಂಡಿಗೂ ಕೊಟ್ಟ ಹೆಣ್ಣುಮಕ್ಕಳಿದ್ದಾರೆ, ಅವರ ಮನೆ ತುಂಬ ಮೊಮ್ಮಕ್ಕಳಿದ್ದಾರೆ. ಮಕ್ಕಳಿಲ್ಲದ ಹೆಂಗಸು ಬೆಕ್ಕು ಸಾಕಿದಳು ಎಂದು ಯಾರೂ ಕಣ್ಣೀರು ಹಾಕಬೇಕಿಲ್ಲ.

ಸಾಕಿದಳು ಎನ್ನುವುದೂ ತಪ್ಪೇ. ಅವು ಹಾಳುಗೋಡೆಗಳಲ್ಲಿ ಹುಟ್ಟಿದ ಕಾಡುಬುದ್ಧಿಯ ಬೆಕ್ಕುಗಳು. ಮುಟ್ಟಲು ಹೋದರೆ ಕೈ ಹರಿಯುತ್ತವೆ. ಒಂದನ್ನೂ ಅವಳು ಮನೆಯೊಳಗೆ ಕರೆದವಳಲ್ಲ. ಮನೆಯ ಮಗ್ಗುಲಲ್ಲಿ ಮುಳ್ಳುಬೇಲಿಯ ಹಿತ್ತಲು ಇದೆ, ನನ್ನ ಗಿರಣಿಗೆ ನೇರ ಕಾಣುತ್ತದೆ. ಅಲ್ಲಿ ಎತ್ತು ಮಾರಿದ ಮೇಲೆ ಖಾಲಿ ಬಿದ್ದಿದ್ದ ಗೋದಲಿಗೆ ಹುಲ್ಲು ಹಾಸಿ, ಮೇಲೆ ತಗಡು ಹೊದಿಸಿ, ಮರಿ ಹಾಕುವ ಬೆಕ್ಕಿಗೆ ಜಾಗ ಮಾಡಿದ್ದಳು. ಬೆಳಿಗ್ಗೆ ಹಾಲಿನಲ್ಲಿ ಕಿವುಚಿದ ಜೋಳದ ರೊಟ್ಟಿ, ಸಂಜೆ ಜಹೀರನ ಮಟನ್ ಅಂಗಡಿಯಲ್ಲಿ ಯಾರೂ ಒಯ್ಯದೆ ಉಳಿದ ಚೂರುಪಾರು. ಹಾಲೂಡಿಸುವ ತಾಯಿ ಮೊದಲು ತಿನ್ನಬೇಕು, ಮಿಕ್ಕವು ಆಮೇಲೆ. ಸರದಿ ತಪ್ಪಿಸಿ ಬಂದ ಬೆಕ್ಕಿನ ಬೆನ್ನಿಗೆ ಕಸಬರಿಗೆ, ಬೇಲಿ ನುಸುಳಿದ ನಾಯಿಗೆ ಕಲ್ಲು. ಅವಳ ಕಲ್ಲು ಗುರಿ ತಪ್ಪಿದ್ದನ್ನು ನಾನು ನೋಡಿಲ್ಲ. ಪ್ರೀತಿ ಎಂದರೆ ಅವಳಿಗೆ ಉಣ್ಣಿಸುವುದು, ಹೊಡೆಯುವುದು, ಬೇರೆಯವರು ಹೊಡೆಯದಂತೆ ಕಾಯುವುದು.

ಚೀಲದಲ್ಲಿ ಸತ್ತ ಬೆಕ್ಕು ಗೋದಲಿಯಲ್ಲಿ ಮರಿ ಹಾಕಿತ್ತು. ಕಣ್ಣು ಬಿಡದ ಮರಿಗಳು ಹಾಲಿಲ್ಲದೆ ಕಿರುಗುಟ್ಟುತ್ತ ಒಂದೊಂದಾಗಿ ತಣ್ಣಗಾದವು. ಒಂದು ಗಂಡುಮರಿ ಉಳಿಯಿತು. ಅದನ್ನು ಮಾತ್ರ ಕಾಶಿಬಾಯಿ ಒಳಗೆ ಒಯ್ದಳು. ಅರಳೆಯನ್ನು ಆಡಿನ ಹಾಲಿನಲ್ಲಿ ಅದ್ದಿ ಬಾಯಿಗೆ ಹಿಡಿದಳು. ತಾಯಿ ನೆಕ್ಕುವಂತೆ ಒದ್ದೆ ಬಟ್ಟೆಯಿಂದ ಅದರ ಹಿಂಬದಿ ಒರೆಸಿ ಹೇಲಿಸಿದಳು. ಎದೆಯ ಮೇಲೆ ಸೆರಗಿನೊಳಗೆ ಇಟ್ಟುಕೊಂಡೇ ಬಾಂಡೆ ತೊಳೆದಳು. ದುಡಿಯದೆ ಕುಳಿತಲ್ಲೇ ಉಣ್ಣುತ್ತದೆ ಎಂದು ಸಾವಕಾರ ಎಂದು ಕರೆದಳು. ಬೆಳೆದ ಸಾವಕಾರ ಕುರಿಮರಿಯ ಗಾತ್ರಕ್ಕೆ ಬಂದ. ಅವಳ ಕೈಗೆ ಮೈ ಕೊಡುವ ಬೆಕ್ಕು ಅವನೊಬ್ಬನೇ. ಅವನ ಗಂಟಲು ಕೆರೆಯುವಾಗ ಅವಳ ಮುಖ ನೋಡಿ ನನಗೇ ನಾಚಿಕೆಯಾಗುತ್ತಿತ್ತು, ಅಷ್ಟು ಮೆತ್ತಗಾಗುತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ಗೋದಲಿಯ ಮರಿಗಳು ಸತ್ತು ಬಿದ್ದವು. ಎಲ್ಲಕ್ಕೂ ಕುತ್ತಿಗೆಯಲ್ಲಿ ತೂತು, ಒಂದಕ್ಕೆ ತಲೆಯೇ ಇರಲಿಲ್ಲ. ಕಾಶಿಬಾಯಿ ನೇರ ಶಂಕ್ರೆಪ್ಪನ ಮನೆಗೆ ನುಗ್ಗಿದಳು. ಕೋಳಿಗೂಡು ಒದ್ದು ಉರುಳಿಸಿದಳು, ತತ್ತಿ ತುಳಿದಳು, ಅವನ ಬೆನ್ನಿಗೆ ಎರಡು ಹಾಕಿದಳು. ತಾನಲ್ಲ, ತನ್ನ ಕೋಳಿಗಳ ಆಣೆ ಎಂದು ಅವನು ಸೊಟ್ಟ ಕೈ ತೋರಿಸಿ ಅತ್ತ. ಅವನು ಖರೆ ಹೇಳುತ್ತಿದ್ದ, ನಾವು ಯಾರೂ ನಂಬಲಿಲ್ಲ. ಕಳ್ಳನಿಗೊಂದು ಪಿಳ್ಳೆ ನೆವ ಎಂದು ಓಣಿಯೆಲ್ಲ ನಕ್ಕಿತು.

ಕೊಲೆಗಾರನನ್ನು ಕಂಡದ್ದು ನಾನು. ನನ್ನ ಗಿರಣಿಯ ಮಾಳಿಗೆಯ ಮೇಲೆ ಇನ್ನೊಂದು ಬೆಕ್ಕು ಮರಿ ಹಾಕಿತ್ತು. ಹಾಡಹಗಲೇ ಸಾವಕಾರ ಅಲ್ಲಿಂದ ಇಳಿದ, ಬಾಯಲ್ಲಿ ಒಂದು ಮರಿ. ನನ್ನ ಕಣ್ಣೆದುರೇ ಅದನ್ನು ಕೊಡವಿದ. ಅದರ ಕಾಲುಗಳು ಜೋತುಬಿದ್ದವು. ತಾಯಿ ಮೈಮೇಲೆ ಬಿದ್ದು ಅವನ ಕಿವಿ ಹರಿಯಿತು, ಆದರೂ ಅವನು ಮತ್ತೆ ಮೇಲೆ ಹತ್ತಿದ. ಗಂಡುಬೆಕ್ಕುಗಳ ಜಾತಿಯೇ ಹಾಗೆ. ಮರಿ ಸತ್ತರೆ ತಾಯಿ ಬೇಗ ಬೆದೆಗೆ ಬರುತ್ತದೆ. ನಾನು ಹೋಗಿ ಕಾಶಿಬಾಯಿಗೆ ಹೇಳಿದೆ. ಹೇಳಿ ಮುಗಿಯುವ ಮೊದಲೇ ನನ್ನ ಕೆನ್ನೆಗೆ ಬಿತ್ತು. ಕಿವಿ ಗುಂಯ್ ಎಂದಿತು. ಅವಳಿಗೂ ಅನುಮಾನವಿತ್ತು ಎಂದು ಆ ಏಟಿನ ಭಾರದಲ್ಲೇ ನನಗೆ ಗೊತ್ತಾಯಿತು. ನಾನೂ ಸುಮ್ಮನಿರುವವಳಲ್ಲ. ಕೈ ಹಿಡಿದು ದರದರ ಎಳೆದು ತಂದು, ಸತ್ತ ಮರಿಗಳ ನಡುವೆ ಕುಳಿತು ಮೀಸೆ ನೆಕ್ಕುತ್ತಿದ್ದ ಅವಳ ಸಾವಕಾರನನ್ನು ತೋರಿಸಿದೆ.

ವಿಜಯಪುರಕ್ಕೆ ಒಯ್ದು ಬೀಜ ತೆಗೆಸಿದರೆ ತಣ್ಣಗಾದಾನು ಎಂದು ಸಲಹೆ ಕೊಟ್ಟವಳೂ ನಾನೇ. ಕುರಿ ಕಾಯ್ದವಳಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಚೀಲ ತಂದು, ಗಂಟಲು ಕೆರೆಯುತ್ತ ಅವನನ್ನು ಒಳಗೆ ತಳ್ಳಲು ಹೋದಳು. ಅಲ್ಲಿಯ ತನಕ ಅವಳಿಗೆ ಉಗುರು ತೋರಿಸದ ಬೆಕ್ಕು ಅಂಗೈಯನ್ನು ಎಲುಬು ಕಾಣುವಂತೆ ಹರಿದು, ಚೀಲ ಸೀಳಿ ಓಡಿಹೋಯಿತು. ಸರಕಾರಿ ಆಸ್ಪತ್ರೆಯಲ್ಲಿ ಸೂಜಿಯ ಮೇಲೆ ಸೂಜಿ ಚುಚ್ಚಿಸಿಕೊಂಡಳು. ಬಹಳ ದಿನ ಸಾವಕಾರ ಕಾಣಲಿಲ್ಲ. ಹೋದ ಪೀಡೆ ಎಂದುಕೊಂಡೆ ನಾನು. ಅವಳು ಮಾತ್ರ ದಿನಾ ಅವನ ತಟ್ಟೆಗೆ ಹಾಲು ಹಾಕುತ್ತಿದ್ದಳು.

ಆಗ ಗೋದಲಿಯಲ್ಲಿ ಹಂಡಿ ಎನ್ನುವ ಬೆಕ್ಕು ಮರಿ ಹಾಕಿತು. ಮೈಯೆಲ್ಲ ಕಪ್ಪು ಬಿಳಿ ಕಲೆಗಳ ಮುದಿ ಬೆಕ್ಕು ಅದು. ಹಿಂದಿನ ಎರಡು ಸಲದ ಮರಿಗಳೂ ಸಾವಕಾರನ ಬಾಯಿಗೆ ಹೋಗಿದ್ದವು. ಈ ಸಲ ಹುಟ್ಟಿದ್ದು ಎರಡೇ. ಹಂಡಿ ಹಾಲೂಡಿಸುವಾಗಲೂ ಕಿವಿ ನೆಟ್ಟಗೆ ಮಾಡಿಕೊಂಡೇ ಇರುತ್ತಿತ್ತು. ಕಾಶಿಬಾಯಿ ರೇವಣಪ್ಪನ ಹಳೆಯ ಬಡಿಗೆ ಹಿಡಿದು ಗೋದಲಿಯ ಪಕ್ಕ ಕಂಬಳಿ ಹಾಸಿದಳು. ಅಲ್ಲೇ ಊಟ, ಅಲ್ಲೇ ನಿದ್ದೆ. ಎಷ್ಟು ದಿನ ಕಾಯುತ್ತೀ ಎಂದರೆ ಬಡಿಗೆಯನ್ನು ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ನಿಂತಿತ್ತು. ನಾನು ಬಾಗಿಲಲ್ಲಿ ಕುಳಿತು ಗಾಳಿ ಹಾಕಿಕೊಳ್ಳುತ್ತಿದ್ದೆ. ಸಾವಕಾರ ಬೇಲಿ ನುಸುಳಿ ಬಂದ. ಕಾಶಿಬಾಯಿ ಎದ್ದು ನಿಂತಳು. ಅವಳ ಬೆನ್ನು ನನ್ನ ಕಡೆಗಿತ್ತು, ಅವನ ಹೆಸರು ಹಿಡಿದು ಕರೆದದ್ದು ಮಾತ್ರ ಕೇಳಿಸಿತು. ಮರುಗಳಿಗೆ ಅವನು ಗೋದಲಿಗೆ ಜಿಗಿದ. ಹಂಡಿ ಚೀರಿತು. ಒಂದು ಮರಿ ಅವನ ಬಾಯಿಗೆ ಬಂದಿತ್ತು. ಬಡಿಗೆ ಅವನ ನಡುವಿನ ಮೇಲೆ ಇಳಿಯಿತು. ಮರಿ ಬಾಯಿಂದ ಬಿತ್ತು. ಅವನು ಸಾಯಲಿಲ್ಲ, ಮುಂಗಾಲು ಊರಿ, ಸತ್ತ ಹಿಂಬದಿಯನ್ನು ಎಳೆದುಕೊಂಡು ಮತ್ತೆ ಮರಿಯ ಕಡೆಗೇ ತೆವಳಿದ. ಎರಡನೆಯ ಏಟು ತಲೆಗೆ. ಮೂರನೆಯದೂ ತಲೆಗೆ. ಅವಳ ಸೀರೆಗೆಲ್ಲ ರಕ್ತ ಸಿಡಿಯಿತು. ಕಾಪಾಡಿದ ಪುಣ್ಯಕ್ಕೆ ಹಂಡಿ ಮಾಡಿದ್ದೇನು? ಹಾರಿ ಬಂದು ಅವಳ ತೋಳಿಗೇ ಹಲ್ಲು ನೆಟ್ಟಿತು.

ಚೀರಾಟ ಕೇಳಿ ಓಣಿಯೆಲ್ಲ ಬೇಲಿಯ ಹತ್ತಿರ ಸೇರಿತು. ಶಂಕ್ರೆಪ್ಪ ಎಲ್ಲರಿಗಿಂತ ಮುಂದೆ ನಿಂತಿದ್ದ. ಅಷ್ಟು ದಿನ ನುಂಗಿಕೊಂಡದ್ದೆಲ್ಲ ಅವನ ಬಾಯಿಗೆ ಬಂತು. ಬಂಗಾರದ ಬೆಕ್ಕು ಯಾವಾಗ ಮಾಡಿಸುತ್ತೀ ಎಂದು ನಕ್ಕ. ಆಮೇಲೆ ನಗು ಬಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದ.

"ನಾಳಿಗಿ ಈ ಎರಡೂ ಮರಿ, ಅವರವ್ವ, ಎಲ್ಲಾ ಚೀಲಕ್ಕ ತುಂಬತೇನಿ. ನನ್ನ ಕೇಳಾಕ ಈಗ ನಿನಗ ಯಾವ ಬಾಯಿ ಐತಿ?"

ಯಾರೂ ಅವನನ್ನು ತಡೆಯಲಿಲ್ಲ. ಅವನು ಹೇಳಿದ್ದು ಸರಿಯಾಗಿತ್ತು. ಆ ಬೆಕ್ಕುಗಳನ್ನು ಅಷ್ಟು ದಿನ ಕಾಯ್ದದ್ದು ಹಾಲೂ ಅಲ್ಲ, ಬೇಲಿಯೂ ಅಲ್ಲ, ಕಾಶಿಬಾಯಿಯ ಕೈಯ ಅಂಜಿಕೆ. ಅದು ಹೋದರೆ ಮರಿಗಳು ನಾಳೆ ಗೋಡೆಯ ಪಾಲು.

ಕಾಶಿಬಾಯಿ ಬೇಲಿ ದಾಟಿ, ಅವನನ್ನು ಅವನ ಮನೆಯ ಕಟ್ಟೆಗೆ ಕರೆದುಕೊಂಡು ಹೋದಳು. ರಕ್ತ ಹತ್ತಿದ ಬಡಿಗೆಯನ್ನು ಅವನ ಬಲಗೈಯಲ್ಲಿಟ್ಟಳು. ತನ್ನ ಎಡಗೈಯನ್ನು ಕಟ್ಟೆಯ ಅಂಚಿಗೆ ಚಾಚಿದಳು.

"ನೀ ಬೆಕ್ಕ ಕೊಂದಿ, ನಾ ನಿನ್ನ ಕೈ ಮುರದೆ. ಈಗ ನಾ ಕೊಂದೇನಿ. ನೀ ಮುರಿ."

ಎಷ್ಟಾದರೂ ಹೆಂಗಸು, ಅವನು ಬಡಿಗೆ ಒಗೆದು ಒಳಗೆ ಹೋಗುತ್ತಾನೆ ಎಂದು ನಾವೆಲ್ಲ ಕಾದೆವು. ಅವನು ಒಗೆಯಲಿಲ್ಲ. ಹಲ್ಲು ಕಚ್ಚಿ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಹೊಡೆದ. ಮುರಿದ ಸದ್ದು ನನಗೆ ಕೇಳಿಸಿತು. ಕಾಶಿಬಾಯಿ ಕೂಗಲಿಲ್ಲ, ತುಟಿ ಕಚ್ಚಿದಳು, ತುಟಿಯಿಂದ ರಕ್ತ ಬಂತು. ಹೊಡೆದವನೇ ಕೆಳಗೆ ಕುಳಿತ. ಅವಳು ಬಲಗೈಯಿಂದ ಬಡಿಗೆಯನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಲೆಕ್ಕ ಮುಗೀತು. ಇನ್ನ ನನ್ನ ಮರಿಗೆ ಕೈ ಹಚ್ಚಿ ನೋಡು."

ಶಂಕ್ರೆಪ್ಪ ಕೈ ಹಚ್ಚಲಿಲ್ಲ. ಮರುದಿನವೇ ಕೋಳಿಗೂಡಿಗೆ ತಂತಿಯ ಜಾಳಿಗೆ ಹೊಡೆಸಿದ.

ಅವಳ ಕೈ ಮುರಿದ ಮಧ್ಯಾಹ್ನವೇ ನಾನು ಟಂಟಂ ಗಾಡಿ ಕರೆಸಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟೆ. ಕೈ ಊದಿ ಬಣ್ಣ ತಿರುಗಿತ್ತು. ಊರೆಲ್ಲ ನೋಡುವಾಗ ಅಳದವಳು ದಾರಿಯಲ್ಲಿ ಅಳತೊಡಗಿದಳು, ಮೈ ಕುಲುಕುವಂತೆ ಅತ್ತಳು. ಬಹಳ ನೋಯುತ್ತದೇನು ಎಂದು ಕೇಳಿದೆ.

"ಕೈ ಏನ್ ಬಿಡ ತಂಗಿ, ಕೂಡತೈತಿ," ಎಂದಳು. "ನಾ ಬಡಿಗಿ ಹಿಡಕೊಂಡು ನಿಂತಿದ್ನೆಲ್ಲ, ಅಂವ ಬಂದಾಂವನ ಮೊದಲ ನನ್ನ ಕಾಲಿಗೆ ಮೈ ತಿಕ್ಕಿದ."